ಘಾಟಿಯಲ್ಲಿ ಫ್ಯಾನ್ ಬೊಬ್ಬೆ: ಕ್ಲಚ್ ಬದಲಿಸಬೇಕೇ?

ಪ್ರಶ್ನೆ: ನನ್ನದು ಡೀಸೆಲ್ ಪಿಕಪ್, 1.40 ಲಕ್ಷ ಕಿ.ಮೀ. ಓಡಿದೆ. ಮಂಗಳೂರು ಧಕ್ಕೆಯಿಂದ ಮೀನು ತುಂಬಿಕೊಂಡು ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗುತ್ತೇನೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದರೆ ಬಾನೆಟ್ ಒಳಗಿಂದ ವಿಮಾನ ಏರುವಂಥ ಸದ್ದು. ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಹೊತ್ತು ಇದೇ ಕಥೆ. ಗ್ಯಾರೇಜಿನವರು ಫ್ಯಾನ್ ಕ್ಲಚ್ ಹೋಗಿದೆ ಅನ್ನುತ್ತಾರೆ. ಗೆಳೆಯನೊಬ್ಬ ಅದನ್ನು ಕಿತ್ತು ಎಲೆಕ್ಟ್ರಿಕ್ ಫ್ಯಾನ್ ಹಾಕಿಸು ಅನ್ನುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಉಪ್ಪಿನಂಗಡಿ

ಉತ್ತರ: ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ. ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕ್ಲಚ್ ಕೆಲಸ ಮಾಡುತ್ತಿರುವ ಲಕ್ಷಣ ಅದು. ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ.

ನಿಮ್ಮ ಗಾಡಿಯ ಫ್ಯಾನ್ ತಿರುಗುವುದು ಇಂಜಿನ್ನಿನ ಬಲದಿಂದಲೇ. ಆದರೆ ನೇರವಾಗಿ ಅಲ್ಲ. ನಡುವೆ ಡಬ್ಬಿಯಂಥ ವಿಸ್ಕಸ್ ಕ್ಲಚ್ ಇದೆ, ಅದರೊಳಗೆ ಜೋನಿಬೆಲ್ಲದ ಹಾಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ. ಡಬ್ಬಿಯ ಮುಂಭಾಗದಲ್ಲಿ ಎರಡು ಲೋಹ ಬೆಸೆದು ಮಾಡಿದ ಪುಟ್ಟ ಸ್ಪ್ರಿಂಗ್ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಅದು ತಿರುಚಿಕೊಂಡು ಒಳಗಿನ ಕಿಂಡಿ ತೆರೆಯುತ್ತದೆ. ಡಬ್ಬಿಯೊಳಗೆ ಒಂದು ಕೋಣೆಯಲ್ಲಿ ಕೂತಿದ್ದ ಎಣ್ಣೆ ಪಕ್ಕದ ಕೆಲಸದ ಕೋಣೆಗೆ ನುಗ್ಗಿ ಫ್ಯಾನನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಸೋಮಾರಿಯಂತೆ ಸುತ್ತುತ್ತಿದ್ದ ಫ್ಯಾನ್ ಇಂಜಿನ್ನಿನ ಜೊತೆ ಓಡತೊಡಗುತ್ತದೆ, ಬೊಬ್ಬೆಯೂ ಶುರು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಆ ಹೊತ್ತಿಗೆ ಗಾಡಿ ಎಳೆಯದಂತೆ ಅನಿಸಿದ್ದರೆ ಅದು ನಿಮ್ಮ ಭ್ರಮೆಯಲ್ಲ.

ಶಿರಾಡಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಒಟ್ಟಿಗೆ ಸೇರುತ್ತದೆ. ಹಿಂದೆ ಐಸ್ ಸಮೇತ ಮೀನಿನ ಭಾರ, ಎರಡನೇ ಗೇರು, ಇಂಜಿನ್ ಕೂಗುತ್ತಿದ್ದರೂ ಗಾಡಿಯ ಓಟ ಕಡಿಮೆ. ಎದುರಿನಿಂದ ತಾನಾಗಿ ನುಗ್ಗುವ ಗಾಳಿ ಇಲ್ಲವೆಂದರೆ ಫ್ಯಾನೇ ಎಳೆದುಕೊಳ್ಳಬೇಕು. ಎಸಿ ಹಾಕಿದ್ದರೆ ರೇಡಿಯೇಟರ್ ಮುಂದಿನ ಕಂಡೆನ್ಸರ್ ಬಿಸಿಯೂ ಸೇರಿತು.

ಬೆಳಗಿನ ಸದ್ದಿನ ಕಾರಣವೇ ಬೇರೆ. ರಾತ್ರಿ ನಿಂತ ಗಾಡಿಯಲ್ಲಿ ಎಣ್ಣೆ ಕೆಲಸದ ಕೋಣೆಗೆ ಇಳಿದು ಕೂತಿರುತ್ತದೆ. ಇಂಜಿನ್ ತಿರುಗತೊಡಗಿದ ಮೇಲೆ ಒಂದೆರಡು ನಿಮಿಷದಲ್ಲಿ ಅದು ತನ್ನ ಜಾಗಕ್ಕೆ ಹಿಂದಿರುಗಿ ಸದ್ದು ಇಳಿಯುತ್ತದೆ. ಬಹುಶಃ ಗ್ಯಾರೇಜಿನವರು ಕೇಳಿದ್ದು ಇದನ್ನೇ.

ಹಾಗಾದರೆ ಹೆದರಬೇಕಾದ್ದು ಯಾವಾಗ? ತಂಪು ಹೊತ್ತಲ್ಲಿ, ಖಾಲಿ ಗಾಡಿಯಲ್ಲಿ, ಸಮತಟ್ಟು ರಸ್ತೆಯಲ್ಲೂ ಬೊಬ್ಬೆ ನಿಲ್ಲದಿದ್ದರೆ ಕ್ಲಚ್ ಕಚ್ಚಿಕೊಂಡಿದೆ, ಡೀಸೆಲ್ ಸುಮ್ಮನೆ ಹೋಗುತ್ತಿದೆ. ನನ್ನನ್ನು ಕೇಳಿದರೆ ಇದಕ್ಕಿಂತ ಅಪಾಯ ಮೌನದ್ದು. ಘಾಟಿಯಲ್ಲಿ ಹೀಟ್ ಮುಳ್ಳು ಮೇಲೇರುತ್ತಿದ್ದರೂ ಫ್ಯಾನ್ ಸದ್ದೇ ಮಾಡದಿದ್ದರೆ ಎಣ್ಣೆ ಸೋರಿಹೋಗಿರಬಹುದು. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಸುಟ್ಟುಕೊಂಡು ಬರುವ ಗಾಡಿಗಳ ಮಾಲೀಕರು "ಸಾರ್, ಸದ್ದೇ ಇರಲಿಲ್ಲ" ಎಂದು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ.

ಪರೀಕ್ಷೆ ನೀವೇ ಮಾಡಬಹುದು. ಇಂಜಿನ್ ಬಿಸಿ ಇರುವಾಗ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಿರುಗಿ ಅಲ್ಲೇ ನಿಂತರೆ ಸರಿ. ಚಕ್ರದಂತೆ ಹಲವು ಸುತ್ತು ಹೊಡೆದರೆ ಕ್ಲಚ್ ಸತ್ತಿದೆ. ಡಬ್ಬಿಯ ಸುತ್ತ ಎಣ್ಣೆಗೆ ಅಂಟಿದ ಧೂಳು, ರೆಕ್ಕೆ ಹಿಂದೆಮುಂದೆ ಅಲ್ಲಾಡುವುದು, ರೆಕ್ಕೆಯಲ್ಲಿ ಬಿರುಕು, ಇವನ್ನೂ ನೋಡಿ. ಬಿರುಕಿದ್ದರೆ ಒಂದು ಟ್ರಿಪ್ ಕೂಡ ಬೇಡ. ಓಡುವ ಫ್ಯಾನಿಗೆ ಪೇಪರ್ ಸುರುಳಿ ತುರುಕಿ ನೋಡುವ ಹಳೇ ಡ್ರೈವರ್‌ಗಳ ಉಪಾಯ ಮಾತ್ರ ಬೇಡವೇ ಬೇಡ, ಬೆರಳು ಹೋದೀತು.

ಇತ್ತೀಚೆಗೆ ಸದ್ದು ಮೊದಲಿಗಿಂತ ಬೇಗ ಬಂದು ಹೆಚ್ಚು ಹೊತ್ತು ಇರುತ್ತಿದೆಯೇ? ಹಾಗಿದ್ದರೆ ನನ್ನ ಅನುಮಾನ ರೇಡಿಯೇಟರ್ ಮೇಲೆ. ಕೆಸರು, ಹುಳ, ಜೊತೆಗೆ ಮುಂದೆ ಹೋಗುವ ಮೀನಿನ ಲಾರಿ ರಸ್ತೆಗೆ ಚೆಲ್ಲುವ ಉಪ್ಪುನೀರು (ನಿಮ್ಮ ಗಾಡಿಯೂ ಹಿಂದಿನವರಿಗೆ ಅದೇ ಉಪಕಾರ ಮಾಡುತ್ತಿರಬಹುದು!) ಎಲ್ಲ ಸೇರಿ ಅದರ ಕಿಂಡಿಗಳನ್ನು ಮುಚ್ಚುತ್ತವೆ. ತಣ್ಣಗಾದ ಮೇಲೆ ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳುವಾದ ತಗಡುಗಳು ಮಡಚಿಕೊಳ್ಳುತ್ತವೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅದನ್ನು ಹಾಕಿಸಿ. ಅದಿಲ್ಲದೆ ಫ್ಯಾನ್ ಎಷ್ಟು ಕೂಗಿದರೂ ರೇಡಿಯೇಟರ್ ಮೂಲಕ ಸಾಕಷ್ಟು ಗಾಳಿ ಬಾರದು.

ಇನ್ನು ನಿಮ್ಮ ಗೆಳೆಯರ ಸಲಹೆ. ಪೇಟೆಯೊಳಗೆ ಓಡುವ ಕಾರಿಗೆ ಎಲೆಕ್ಟ್ರಿಕ್ ಫ್ಯಾನ್ ಸೊಗಸು. ಲೋಡ್ ಹೊತ್ತು ಘಾಟಿ ಹತ್ತುವ ಗಾಡಿಗೆ, ಅದೂ ಕಂಪನಿ ಕೊಡದ ಫ್ಯಾನನ್ನು ಸಿಕ್ಕಿಸಲು ನಾನಂತೂ ಹೇಳಲಾರೆ. ಅಷ್ಟು ಗಾಳಿ ಎಳೆಯುವ ಮೋಟರಿಗೆ ಗಾಡಿಗೆ ಕರೆಂಟ್ ತಯಾರಿಸುವ ನಿಮ್ಮ ಆಲ್ಟರ್ನೇಟರ್ ಸಾಲದೆ ಹೋಗಬಹುದು. ಮುಂದೆಂದಾದರೂ ಹೊಸ ಕ್ಲಚ್ ತಂದರೆ ಕೂಡಿಸುವವರೆಗೆ ಅಡ್ಡ ಮಲಗಿಸಬೇಡಿ, ಗಾಡಿಯಲ್ಲಿರುವ ಹಾಗೆಯೇ ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿದರೆ ಎಣ್ಣೆ ಸೋರುವ ಸಾಧ್ಯತೆ ಇದೆ.