ಬೆಳೆಯುತ್ತಿರುವ ದೇಶದಲ್ಲಿ ಸಣ್ಣ ಉದ್ಯಮಿಗಳ ಬೆಂಬಲ ಜಾಲದ ಸಂಪೂರ್ಣ ನಕ್ಷೆ ಮಾಡಬೇಕು. ಬ್ಯಾಂಕು, ತರಬೇತಿ ಕೇಂದ್ರ, ಇನ್‌ಕ್ಯುಬೇಟರ್ (ಹೊಸ ಉದ್ಯಮಗಳಿಗೆ ಆರಂಭದಲ್ಲಿ ನೆರವಾಗುವ ಕೇಂದ್ರ), ಇಲಾಖೆಗಳ ಪಟ್ಟಿ ಮಾಡಿಕೊಂಡಿದ್ದೇನೆ. ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಾಫ್ಟ್‌ವೇರ್ ಮಾತು ಆಮೇಲೆ. ನೀವು ಕೊಟ್ಟಿರುವ ಪಟ್ಟಿ ನೋಡಿ ನನ್ನದೇ ಹಳೆಯ ಕಡತ ತೆರೆದಂತಾಯಿತು. ಅದೇ ಪಟ್ಟಿ ಹಿಡಿದು ಎಂಟು ತಿಂಗಳು ಅಲೆದವರು ನಾವು.

ಅರವತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಗಿ, ಯಾರಿಗೆ ನೆರವಾಗುತ್ತೀರಿ, ಯಾರ ಜೊತೆ ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಹೇಳಿದ್ದನ್ನೆಲ್ಲ ಗೆಫಿ ಎಂಬ, ಜಾಲದ ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆ ತುಂಬಿ, ಬಂದ ಚಿತ್ರವನ್ನು ಗೋಡೆಯಗಲ ಮುದ್ರಿಸಿ ಸಭೆಯಲ್ಲಿ ತೂಗುಹಾಕಿದೆವು. ಹೊಲಿಗೆ ಘಟಕ ನಡೆಸುವ ಮಹಿಳೆಯೊಬ್ಬರು ಕನ್ನಡಕ ಸರಿಪಡಿಸಿಕೊಂಡು ಅದರ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. "ನನಗೆ ಬಟ್ಟೆ ಉದ್ದರಿ ಕೊಡುವವರು ಇದರಲ್ಲಿ ಎಲ್ಲಿದ್ದಾರೆ?" ಎಂದರು.

ಎಲ್ಲಿಯೂ ಇರಲಿಲ್ಲ. ಕೊಡುತ್ತೇವೆ ಎನ್ನುವವರನ್ನು ಕೇಳಿದ್ದೆ, ಪಡೆದವರನ್ನು ಕೇಳಿರಲಿಲ್ಲ. ಇದನ್ನು ಬಿಡಿಸಿ ಹೇಳಲೇಬೇಕು. ಎರಡು ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಂಡಿದ್ದರೆ ಸಾಕು, ನನ್ನ ನಕ್ಷೆಯಲ್ಲಿ ದಪ್ಪ ಗೆರೆ. ಆಮೇಲೆ ಅವರ ನಡುವೆ ಒಂದು ಫೋನ್ ಕರೆಯೂ ನಡೆದಿರಲಿಲ್ಲ ಎಂಬುದು ಗೆರೆಗೆ ಹೇಗೆ ಗೊತ್ತಾಗಬೇಕು? ಆ ಬಟ್ಟೆ ವ್ಯಾಪಾರಿಯಾದರೋ ಎರಡು ತಿಂಗಳ ಉದ್ದರಿ ಕೊಡುತ್ತಿದ್ದರು, ಹೊಸ ಗಿರಾಕಿಗಳನ್ನೂ ಕಳುಹಿಸುತ್ತಿದ್ದರು. ತಾನೊಂದು 'ಬೆಂಬಲ ಸಂಸ್ಥೆ' ಎಂದು ಅವರಿಗೆ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ನನ್ನ ಮುಖಭಂಗವಷ್ಟೇ ಆಗುತ್ತಿತ್ತು. ಆದರೆ ಹಣ ಕೊಡುವವರು ನನ್ನ ನಕ್ಷೆಯನ್ನೇ ನಂಬಿ, ಗೆರೆಗಳು ದಟ್ಟವಾಗಿದ್ದ ಕಡೆ ಇನ್ನೊಂದು ತರಬೇತಿ ಕೇಂದ್ರ ತೆರೆದರು. ಅಲ್ಲಿ ಆಗಲೇ ಮೂರಿದ್ದವು.

ಹಾಗಾಗಿ 'ಸಂಪೂರ್ಣ ನಕ್ಷೆ' ಎಂಬ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ಅದು ವಿಳಾಸ ಪುಸ್ತಕವಾಗುತ್ತದೆ. ಮೂವತ್ತು ಉದ್ಯಮಿಗಳಿಂದ ಶುರು ಮಾಡಿ. ಅಂಗಡಿ ಮುಚ್ಚಿದವರೂ ಅದರಲ್ಲಿರಲಿ. ಕಳೆದ ಸಲ ಕೂಲಿ ಕೊಡಲು ಹಣ ಸಾಲದಾಗ ಮೊದಲು ಯಾರನ್ನು ಕೇಳಿದಿರಿ? ಪರವಾನಗಿಯ ತೊಡಕು ಬಿಡಿಸಿದವರು ಯಾರು? ಹೀಗೆ ನಡೆದ ಘಟನೆ ಹಿಡಿದು ಕೇಳಿ. "ನಿಮ್ಮ ಆಪ್ತರು ಯಾರು" ಎಂದು ಮಾತ್ರ ಕೇಳಬೇಡಿ. ನೆರವು ಎಷ್ಟೋ ಸಲ ದೂರದ ಪರಿಚಯದಿಂದ ಬರುತ್ತದೆ: ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದಂತೆ, ಪರಿಚಯದವರ ಮೂಲಕ ಕೆಲಸ ಹಿಡಿದವರಲ್ಲಿ ಆ ಪರಿಚಿತರನ್ನು ಆಗಾಗ ಕಾಣುತ್ತಿದ್ದವರು ಶೇ 16.7 ಮಾತ್ರ.

ಸಲಕರಣೆಗೆ ದೊಡ್ಡ ಕಾಗದ, ಮೂರು ಬಣ್ಣದ ಪೆನ್ನು ಸಾಕು. ಸಂಶೋಧಕಿ ಇವಾ ಶಿಫರ್ ಘಾನಾದಲ್ಲಿ ನೀರಿನ ನಿರ್ವಹಣೆಯ ಕೆಲಸದಲ್ಲಿ ಬಳಸಿದ ನೆಟ್-ಮ್ಯಾಪ್ ವಿಧಾನ ಇಂಥದ್ದೇ: ಯಾರಿಗೆ ಯಾರೊಂದಿಗೆ ಸಂಬಂಧ ಎಂದು ಜನರೇ ಬಾಣ ಎಳೆಯುತ್ತಾರೆ, ಯಾರ ಮಾತು ಹೆಚ್ಚು ನಡೆಯುತ್ತದೋ ಅವರ ಹೆಸರಿನ ಮೇಲೆ ಬಿಲ್ಲೆಗಳನ್ನು ಎತ್ತರಕ್ಕೆ ಪೇರಿಸುತ್ತಾರೆ.

ನಾನು ಎರಡನೆಯ ಸಲ ಹೀಗೇ ಮಾಡಿದೆ. ಸಾಲದ ಅರ್ಜಿ ತುಂಬಿಕೊಡುವ ಒಬ್ಬ ನಿವೃತ್ತ ಗುಮಾಸ್ತರ ಕಡೆಗೆ ಹನ್ನೊಂದು ಬಾಣಗಳು ಬಂದವು. ಹಳೆಯ ನಕ್ಷೆಯಲ್ಲಿ ಅತಿ ದೊಡ್ಡ ಚುಕ್ಕೆಯಾಗಿದ್ದ ಸಂಸ್ಥೆಗೆ ಬಂದದ್ದು ಎರಡು.