ಬಿಪಿಯಿಂದ ಕಿಡ್ನಿ ಕೆಡುವಾಗ ನಮ್ಮದೇ ಬಿಳಿ ರಕ್ತಕಣಗಳ ಪಾಲೆಷ್ಟು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಯಜಮಾನರಿಗೆ 54 ವರ್ಷ. ಮಲ್ಪೆ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುವ ಕೆಲಸ. ಆರೇಳು ವರ್ಷದಿಂದ ಬಿಪಿ ಇದೆ, ನೆನಪಾದಾಗ ಮಾತ್ರ ಮಾತ್ರೆ ತಗೊಳ್ತಾರೆ. ಶುಗರ್ ಇಲ್ಲ. ಕಳೆದ ತಿಂಗಳು ಬಿಪಿ 160/100, ಕಿಡ್ನಿಗೆಂದು ಮಾಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.3, ಮೂತ್ರದಲ್ಲಿ ಪ್ರೋಟೀನ್ ಒಂದು ಪ್ಲಸ್ ಬಂತು. ಟೆಲ್ಮಿಸಾರ್ಟನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಬಿಪಿ ಜಾಸ್ತಿ ಇದ್ದರೆ ನಮ್ಮ ಇಮ್ಯುನಿಟಿಯೇ ಕಿಡ್ನಿಯನ್ನು ಹಾಳು ಮಾಡುತ್ತದಂತೆ ಅಂತ ಮಗ ಎಲ್ಲೋ ಓದಿ ಹೇಳ್ತಾನೆ. ಕೊರೊನಾ ಕಾಲದಿಂದ ಮನೆಯಲ್ಲಿ ದಿನಾ ಇಮ್ಯುನಿಟಿ ಕಷಾಯ ಮಾಡ್ತೇನೆ. ಅದನ್ನು ನಿಲ್ಲಿಸಬೇಕಾ? ಇಮ್ಯುನಿಟಿ ತಗ್ಗಿಸುವ ಮಾತ್ರೆ ಬೇಕಾಗುತ್ತದಾ? – ಓದುಗರು, ಮಲ್ಪೆ

ಉತ್ತರ: ಅಮ್ಮಾ, ಮಗ ಹೇಳಿದ್ದರಲ್ಲಿ ಹುರುಳಿದೆ. ಆದರೆ ಅದನ್ನು ಕೇಳಿ ಮಾಡಬೇಕಾದ್ದು ಬೇರೆಯೇ ಇದೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಹೃದಯದಿಂದ ಹೊರಡುವ ರಕ್ತದ ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿ, ಬಹುಪಾಲು ಮತ್ತೆ ರಕ್ತಕ್ಕೇ ಸೇರುತ್ತದೆ. ಒಳಬರುವ ಸಣ್ಣ ರಕ್ತನಾಳ ಬಿಗಿಯಾಗಿ, ಹೊರಗಿನ ಒತ್ತಡ ಒಳಗೆ ತಟ್ಟದಂತೆ ನೋಡಿಕೊಳ್ಳುತ್ತದೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಆ ನಾಳದ ಗೋಡೆ ದಪ್ಪಗಾಗಿ ಗಡುಸಾಗುತ್ತದೆ, ಕಾವಲು ಕೆಲಸ ಸಡಿಲುತ್ತದೆ. ಆಗ ಒತ್ತಡ ನೇರ ಸೋಸುವ ಜಾಗಕ್ಕೇ ಬೀಳುತ್ತದೆ. ಬಲೆಯ ಕಣ್ಣು ಹರಿದ ಹಾಗೆ, ಹಿಡಿದಿಡಬೇಕಾದ ಪ್ರೋಟೀನ್ ಹೊರಗೆ ಜಾರುತ್ತದೆ. ನಿಮ್ಮವರ ರಿಪೋರ್ಟಿನ ಆ ಒಂದು ಪ್ಲಸ್ ಹೇಳುತ್ತಿರುವುದು ಇದನ್ನೇ.

ಮಗ ಓದಿದ ಕಥೆ ಇಲ್ಲಿಂದ ಶುರುವಾಗುತ್ತದೆ. ನೋವುಂಡ ಕಿಡ್ನಿಯ ಜೀವಕೋಶಗಳು ರಾಸಾಯನಿಕಗಳನ್ನು ಬಿಟ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಟಿ ಕಣಗಳು, ಮ್ಯಾಕ್ರೋಫೇಜ್‌ಗಳು ಬಂದು ಸೇರುತ್ತವೆ. ಹೊರಗಿನ ರೋಗಾಣು ಇದ್ದಿದ್ದರೆ ಅದನ್ನು ಕೊಂದು ಹೋಗುತ್ತಿದ್ದವು. ಇಲ್ಲಿ ಕೊಲ್ಲಲು ಯಾರೂ ಇಲ್ಲ, ಒತ್ತಡವೂ ಇಳಿಯುವುದಿಲ್ಲ. ಹಾಗಾಗಿ ಅವು ಅಲ್ಲೇ ಉಳಿದು ಉರಿಯೂತ ಹುಟ್ಟಿಸುವ ವಸ್ತುಗಳನ್ನು ಸುರಿಸುತ್ತಲೇ ಇರುತ್ತವೆ. ಅದರಿಂದ ರಕ್ತನಾಳ ಇನ್ನಷ್ಟು ಬಿಗಿಯುತ್ತದೆ. ಕಿಡ್ನಿ ಉಪ್ಪನ್ನು ಹೊರಹಾಕದೆ ಹಿಡಿದಿಡುತ್ತದೆ. ಬಿಪಿ ಮತ್ತೂ ಏರುತ್ತದೆ. ಕೊನೆಗೆ ಸೋಸುವ ಜಾಗದಲ್ಲಿ ಗಾಯದ ಕಲೆ ಕಟ್ಟುತ್ತದೆ. ಕಲೆ ಸೋಸುವುದಿಲ್ಲ, ಒಮ್ಮೆ ಕಟ್ಟಿದರೆ ಹಿಂದಕ್ಕೂ ಹೋಗುವುದಿಲ್ಲ. ಅದಕ್ಕೇ ನಾನು ಈ ವಿಷಯಕ್ಕೆ ಇಷ್ಟು ಜಾಗ ಕೊಡುತ್ತಿರುವುದು.

ಇದು ಬರೀ ಊಹೆ ಅಲ್ಲ. 2007ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಡೇವಿಡ್ ಹ್ಯಾರಿಸನ್ ಅವರ ತಂಡ ಟಿ ಮತ್ತು ಬಿ ಕಣಗಳೇ ಇಲ್ಲದ ಇಲಿಗಳಿಗೆ ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನ್ ಕೊಟ್ಟು ನೋಡಿತು. ಬಿಪಿ ಅಷ್ಟಾಗಿ ಏರಲಿಲ್ಲ. ಟಿ ಕಣಗಳನ್ನು ತುಂಬಿದ ಮೇಲೆ ಏರಿತು. ಉಪ್ಪು ತಿಂದರೆ ಬಿಪಿ ಏರುವ ಜಾತಿಯ ಇಲಿಗಳಲ್ಲೂ ಹೀಗೇ. ಟಿ ಕಣಗಳನ್ನು ತಡೆದರೆ ಕಿಡ್ನಿಯ ಹಾನಿ ತಗ್ಗಿತು. 2013ರಲ್ಲಿ ಬಂದ ಎರಡು ಅಧ್ಯಯನಗಳು ಇನ್ನೊಂದು ಮಾತು ಸೇರಿಸಿದವು: ಉಪ್ಪಿನಂಶ ಜಾಸ್ತಿಯಾದರೆ ಉರಿಯೂತ ಎಬ್ಬಿಸುವ ಒಂದು ಬಗೆಯ ಟಿ ಕಣಗಳು ಜಾಸ್ತಿ ಹುಟ್ಟುತ್ತವೆ. ಅಂದರೆ ಉಪ್ಪಿನ ಕೆಡುಕು ಬಿಪಿಯ ದಾರಿಯಲ್ಲಿ ಮಾತ್ರ ಬರುವುದಲ್ಲ.

ಹಾಗಾದರೆ ಇಮ್ಯುನಿಟಿ ತಗ್ಗಿಸುವ ಮಾತ್ರೆ ಯಾಕೆ ಬೇಡ? ಅವು ಇಡೀ ಮೈಯ ರಕ್ಷಣೆಯನ್ನೇ ಕುಗ್ಗಿಸುತ್ತವೆ. ಟಿಬಿಯಂಥ ಸೋಂಕಿಗೆ ಬಾಗಿಲು ತೆರೆದಂತೆ. ಅಲ್ಲದೆ ಇಂಥ ಮಾತ್ರೆಗಳಲ್ಲೊಂದಾದ ಸ್ಟಿರಾಯ್ಡ್ ತಾನೇ ಬಿಪಿ ಏರಿಸುತ್ತದೆ. ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಬಿಪಿಯನ್ನೂ ಏರಿಸುತ್ತದೆ, ಕಿಡ್ನಿಗೂ ತೊಂದರೆ ಮಾಡುತ್ತದೆ. ಉರಿಯೂತ ತಗ್ಗಿಸುವ ದುಬಾರಿ ಇಂಜೆಕ್ಷನ್ ಒಂದನ್ನು ಸಾವಿರಾರು ಹೃದ್ರೋಗಿಗಳಿಗೆ ಕೊಟ್ಟು ನೋಡಿದಾಗಲೂ ಬಿಪಿ ಇಳಿಯಲಿಲ್ಲ.

ನಿಮ್ಮವರಿಗೆ ಬರೆದ ಟೆಲ್ಮಿಸಾರ್ಟನ್ ಅದೇ ಆಂಜಿಯೋಟೆನ್ಸಿನ್ನಿನ ಕೆಲಸಕ್ಕೆ ತಡೆ ಹಾಕುತ್ತದೆ. ಸೋಸುವ ಜಾಗದ ಒತ್ತಡ ಇಳಿಸುತ್ತದೆ, ಪ್ರೋಟೀನ್ ಸೋರಿಕೆ ತಗ್ಗಿಸುತ್ತದೆ. ಒತ್ತಡ ಇಳಿದರೆ ಬಿಳಿ ರಕ್ತಕಣಗಳನ್ನು ಕರೆಯುವ ಕೂಗೂ ತಗ್ಗುತ್ತದೆ. ಆದರೆ ನೆನಪಾದಾಗ ಮಾತ್ರ ತಗೊಂಡರೆ ಪ್ರಯೋಜನ ಆಗದು. ದಿನಾ ಒಂದೇ ಹೊತ್ತಿಗೆ ತಗೊಳ್ಳಲಿ. ಶುರು ಮಾಡಿ ಎರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಹೆದರಿ ನೀವಾಗಿಯೇ ಮಾತ್ರೆ ಬಿಡಿಸಬೇಡಿ, ಡಾಕ್ಟ್ರಿಗೆ ತೋರಿಸಿ. ಬಿಪಿ 130/80ರ ಕೆಳಗೆ ಬರಬೇಕು.

ಜೊತೆಗೆ ಒಂದು ಪರೀಕ್ಷೆ ಖಂಡಿತ ಮಾಡಿಸಿ. ನನ್ನ ಕ್ಲಿನಿಕ್ಕಿನಲ್ಲಿ ಮೂತ್ರಕ್ಕೆ ಅದ್ದುವ ಕಾಗದದ ಪಟ್ಟಿ ಇದೆ. ಪ್ರೋಟೀನ್ ಇದ್ದರೆ ಹಳದಿ ಚೌಕ ಒಂದೇ ನಿಮಿಷದಲ್ಲಿ ಹಸಿರಿಗೆ ತಿರುಗುತ್ತದೆ. ಮೊದಲು ಎಳೆ ಹಸಿರು, ಪ್ರೋಟೀನ್ ಜಾಸ್ತಿಯಿದ್ದರೆ ಕಡು ಹಸಿರು. ಎಷ್ಟೋ ಮಂದಿ ಇದನ್ನು ನೋಡಿದ ಮೇಲೆಯೇ ಮಾತ್ರೆಯನ್ನು ಗಂಭೀರವಾಗಿ ತಗೊಳ್ಳುತ್ತಾರೆ. ಆದರೆ ಪಟ್ಟಿಗೆ ಸಿಗದಷ್ಟು ಸಣ್ಣ ಸೋರಿಕೆಯೂ ಇರುತ್ತದೆ. ಅದಕ್ಕೇ ಲ್ಯಾಬಿನಲ್ಲಿ 'ಯೂರಿನ್ ಎಸಿಆರ್' ಅಂತ ಕೇಳಿ, ಅಂದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಎಷ್ಟಿದೆ ಎಂಬ ಲೆಕ್ಕ. ಅದು 30ರ (mg/g) ಕೆಳಗಿದ್ದರೆ ಸರಿ. ಬಿಪಿ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು, ಮಾಡಿಸುವವರು ತೀರಾ ಕಡಿಮೆ. ಕ್ರಿಯಾಟಿನಿನ್ ಮಾತ್ರ ನೋಡಿ ಸಮಾಧಾನ ಪಟ್ಟುಕೊಂಡು ಕೂತವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಿಮ್ಮವರ 1.3 ಲ್ಯಾಬಿನ ಮಿತಿಯ ಹತ್ತಿರವೇ ಇದೆ, ಆದರೆ 54ರ ಗಂಡಸಿಗೆ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ಪ್ರಮಾಣ (ಇಜಿಎಫ್‌ಆರ್) ನಿಮಿಷಕ್ಕೆ ಸುಮಾರು 65 ಮಿ.ಲೀ. ಆರೋಗ್ಯವಂತ ಯುವಕರಲ್ಲಿ ಅದು 90ಕ್ಕಿಂತ ಮೇಲಿರುತ್ತದೆ.

ಇನ್ನೊಂದು ಮುಖ್ಯ ಮಾತು. ಕೆಲವೊಮ್ಮೆ ಕಥೆ ತಿರುಗಾಮುರುಗ ಇರುತ್ತದೆ. ಲೂಪಸ್, ಐಜಿಎ ನೆಫ್ರೋಪತಿಯಂಥ ಕಾಯಿಲೆಗಳಲ್ಲಿ ಇಮ್ಯುನಿಟಿ ಮೊದಲು ಕಿಡ್ನಿಯನ್ನು ಕೆಡಿಸುತ್ತದೆ, ಬಿಪಿ ಆಮೇಲೆ ಬರುತ್ತದೆ. ಅಲ್ಲಿ ಸ್ಟಿರಾಯ್ಡ್ ಬೇಕಾಗಬಹುದು. ಮೂತ್ರದಲ್ಲಿ ರಕ್ತ ಇದ್ದರೆ, ಚಿಕ್ಕ ವಯಸ್ಸಿಗೇ ಬಿಪಿ ಬಂದಿದ್ದರೆ, ಪ್ರೋಟೀನ್ ತುಂಬಾ ಸೋರುತ್ತಿದ್ದರೆ ಕಿಡ್ನಿ ತಜ್ಞರ ಹತ್ತಿರ ಹೋಗಲೇಬೇಕು. ಇವರ ಮೂತ್ರದಲ್ಲಿ ರಕ್ತಕಣ ಇದೆಯಾ ಅಂತ ರಿಪೋರ್ಟಿನಲ್ಲಿ ಒಮ್ಮೆ ನೋಡಿ.

ಇನ್ನು ಕಷಾಯ. ಕೊತ್ತಂಬರಿ, ಜೀರಿಗೆ, ಮೆಂತೆ ಹಾಕಿದ ಕಷಾಯ ಕುಡಿಯಲಿ, ಅಡ್ಡಿ ಇಲ್ಲ. ಜ್ಯೇಷ್ಠಮಧು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಅಮೃತಬಳ್ಳಿಯನ್ನು ದಿನಾ ಕುಡಿದವರಲ್ಲಿ ಲಿವರ್ ಕೆಟ್ಟದ್ದು 2021ರಲ್ಲಿ ಮುಂಬೈಯಿಂದ ವರದಿಯಾಗಿದೆ. ಅದೂ ಬೇಡ.

ಕಷಾಯಕ್ಕಿಂತ ಜಾಸ್ತಿ ನೋಡಬೇಕಾದ್ದು ನಮ್ಮ ಗಂಜಿ ಊಟ. ಕುಚ್ಚಲಕ್ಕಿ ಗಂಜಿಗೆ ತಪ್ಪಿಲ್ಲ, ತಪ್ಪೆಲ್ಲ ಬದಿಯಲ್ಲಿ ಕೂತ ಮಿಡಿ ಉಪ್ಪಿನಕಾಯಿ, ಒಣಮೀನು ಚಟ್ನಿ, ಹಪ್ಪಳದ್ದು. ಮಳೆಗಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯೂ ಸೇರುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಎಲ್ಲ ಸೇರಿ. ಒಣಮೀನು ಬಿಡಲು ಮನಸ್ಸಾಗದು, ಗೊತ್ತು. ಹಸಿ ಬಂಗುಡೆ ನಿಮ್ಮ ಬಂದರಲ್ಲೇ ಸಿಗುತ್ತದಲ್ಲ, ಹುಳಿ ಖಾರ ಜಾಸ್ತಿ ಹಾಕಿ ಪುಳಿಮುಂಚಿ ಮಾಡಿ, ಉಪ್ಪು ಅರ್ಧ ಇಳಿಸಿ. 'ಕಡಿಮೆ ಸೋಡಿಯಂ ಉಪ್ಪು' ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ಅಪಾಯ. ಬೆನ್ನು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವ ಅಭ್ಯಾಸ ಇದ್ದರೆ ಅದೂ ನಿಲ್ಲಬೇಕು.

ಪ್ರಶ್ನೆ: ಕ್ಲಿನಿಕ್ಕಿನಲ್ಲಿ ಬಿಪಿ 150 ಬರುತ್ತದೆ, ಮನೆಯ ಮಷಿನ್‌ನಲ್ಲಿ 128. ಯಾವುದನ್ನು ನಂಬಲಿ? – ಓದುಗರು, ಕಾರ್ಕಳ

ಉತ್ತರ: ಸರಿಯಾಗಿ ನೋಡಿದ್ದರೆ ಮನೆಯದ್ದನ್ನು. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು ನೋಡಿ. ಅರ್ಧ ಗಂಟೆ ಮೊದಲು ಕಾಫಿ ಬೇಡ. ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟು ಆ ಚೀಟಿಯನ್ನೂ ಮಷಿನ್ನನ್ನೂ ಡಾಕ್ಟ್ರ ಹತ್ತಿರ ಒಯ್ಯಿರಿ.

ಪ್ರಶ್ನೆ: ಬಿಪಿಯಿಂದ ಕಿಡ್ನಿ ವೀಕ್ ಆಗಿದೆ. ಇಮ್ಯುನಿಟಿಯನ್ನು ಕೆಣಕಿದಂತಾಗುತ್ತದೆ ಅಂತ ಫ್ಲೂ ಲಸಿಕೆ ಬಿಡಬೇಕಾ? – ಓದುಗರು, ಸುರತ್ಕಲ್

ಉತ್ತರ: ಬಿಡಬೇಡಿ. ಕಿಡ್ನಿ ವೀಕ್ ಇದ್ದವರಿಗೆ ಸೋಂಕು ಬೇಗ ತಗಲುತ್ತದೆ, ಜೋರಾಗಿಯೂ ಕಾಡುತ್ತದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ತಗೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ನಿಮ್ಮ ಡಾಕ್ಟ್ರನ್ನು ಕೇಳಿ. ಮುಂದೆ ಡಯಾಲಿಸಿಸ್ ಬೇಕಾಗುವ ಸಂಭವ ಇದ್ದರೆ ಅದನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಕಿಡ್ನಿ ತೀರಾ ಸೋತ ಮೇಲೆ ಆ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.