ಉಪ್ಪುನೀರಿನ ತೊಟ್ಟಿಯನ್ನು ಸಿಹಿನೀರಿಗೆ ಒಗ್ಗಿಸುವುದು

ಪ್ರಶ್ನೆ: ನಮ್ಮಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಮುದ್ರ ಮೀನಿನ ಅಕ್ವೇರಿಯಂ ಇದೆ. ಅದನ್ನು ಸಿಹಿನೀರಿಗೆ ಬದಲಿಸಿ, ಗಿಡ ಬೆಳೆಸಿ, ಟೆಟ್ರಾ ಎಂಬ ಪುಟ್ಟ ಮೀನು ಮತ್ತು ಸಿಗಡಿ ಸಾಕಬೇಕೆಂದಿದ್ದೇವೆ. ನೀರು ಬದಲಿಸಿದರೆ ಸಾಕೆ?
– ಬೆಂಗಳೂರಿನ ಓದುಗರು

ಉತ್ತರ: ಸಾಲದು. ಉಪ್ಪು ತೊಳೆದರೆ ಹೋಗುತ್ತದೆ. ಹೋಗದೆ ಉಳಿದು ಕಾಡುವುದು ಕಲ್ಲು ಮರಳಿನ ಸುಣ್ಣ, ಹಿಂದೆ ಔಷಧಿ ಹಾಕಿದ್ದರೆ ಅದರ ತಾಮ್ರ.

ಲೈವ್ ರಾಕ್ (ಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಮತ್ತು ಹವಳದ ಮರಳನ್ನು ಪೂರ್ತಿ ತೆಗೆಯಿರಿ. ಕಲ್ಲಿನ ಸಂದುಗಳಲ್ಲಿರುವ ಹುಳು, ಸ್ಪಂಜುಜೀವಿಗಳು ಸಿಹಿನೀರಿನಲ್ಲಿ ಸತ್ತು ಕೊಳೆತು ಅಮೋನಿಯಾ ಏರಿಸುತ್ತವೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಕಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೆದುನೀರಿನಲ್ಲಿ ನಿಧಾನಕ್ಕೆ ಕರಗುತ್ತಾ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಅನ್ನು 8ರ ಆಸುಪಾಸಿಗೆ ಎಳೆಯುತ್ತದೆ. ಟೆಟ್ರಾಗಳಿಗೆ ಹಿತವಾದದ್ದು 6ರಿಂದ 7. ಹೊಸ ಜಲ್ಲಿ ತಂದರೂ ಬಿಳಿ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬೇಡ. ಹಳೆಯ ಕಲ್ಲು ಬಿಡಲು ಮನಸ್ಸೇ ಇಲ್ಲವೆಂದರೆ ಟೆಟ್ರಾ ಬಿಟ್ಟು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಸಾಕಿ. ಅವಕ್ಕೆ ಗಡಸು ನೀರೇ ಬೇಕು. ಕಲ್ಲನ್ನು ಮಾತ್ರ ಬ್ಲೀಚ್ ನೀರಿನಲ್ಲಿ ನೆನೆಸಿ, ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಲ್ಲಿ ಒಣಗಿಸಬೇಕು.

ಗಾಜಿಗೆ ಅಂಟಿದ ಗುಲಾಬಿ ಬಣ್ಣದ ಪೊರೆಗೆ ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಅರ್ಧ ಗಂಟೆ ಬಿಟ್ಟು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ. ಸಿಲಿಕೋನ್ ಅಂಚಿಗೆ ಬ್ಲೇಡು ತಾಗಿಸಬೇಡಿ. ವಿನೆಗರ್ ಮತ್ತು ಬ್ಲೀಚ್ ಯಾವತ್ತೂ ಒಟ್ಟು ಸೇರಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಆಮೇಲೆ ನಲ್ಲಿ ನೀರು ತುಂಬಿಸಿ, ಪಂಪ್ ಒಂದು ದಿನ ಓಡಿಸಿ ಖಾಲಿ ಮಾಡಿ. ಎರಡು ಸಲ ಹೀಗೆ ಮಾಡಿ. ಮುಚ್ಚಳದಡಿ, ಪೈಪಿನ ಸಂದುಗಳಲ್ಲಿ ಉಪ್ಪಿನ ಹರಳು ಕೂತಿರುತ್ತದೆ, ಅದನ್ನೂ ಒರೆಸಿ. ಉಪ್ಪು ಹೋಯಿತೇ ಎಂದು ಪರೀಕ್ಷಿಸಲು ಹೈಡ್ರೋಮೀಟರ್ (ನೀರಿನ ಸಾಂದ್ರತೆ ಅಳೆಯುವ ಸಾಧನ) ಸಾಲದು: ಅದರಲ್ಲಿ 1.001 ಎಂದರೂ ಲೀಟರಿಗೆ ಒಂದು ಗ್ರಾಮಿಗಿಂತ ಹೆಚ್ಚು ಉಪ್ಪು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್ ಹಿಡಿದು ನಲ್ಲಿ ನೀರಿನ ಅಂಕಿಗೆ ಹೋಲಿಸಿ. ಉಪ್ಪುನೀರನ್ನು ಗಿಡಗಳಿಗೆ ಸುರಿಯದೆ ಚರಂಡಿಗೆ ಬಿಡಿ.

ಬಿಳಿಚುಕ್ಕೆ ರೋಗಕ್ಕೆಂದು ಎಂದಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಅದರ ಶೇಷ ತೊಟ್ಟಿಯಲ್ಲಿ ಉಳಿದು ಸ್ವಲ್ಪಸ್ವಲ್ಪವಾಗಿ ನೀರಿಗೆ ಬರಬಹುದು. ಮೀನು ತಡೆದುಕೊಂಡೀತು, ಸಿಗಡಿ ಮತ್ತು ಬಸವನಹುಳು ಸಾಯುತ್ತವೆ. ನೀರನ್ನು ಮೂರು ದಿನ ನಿಲ್ಲಿಸಿ ಕಾಪರ್ ಟೆಸ್ಟ್ ಕಿಟ್‌ನಲ್ಲಿ ನೋಡಿ. ಸ್ವಲ್ಪ ಬಣ್ಣ ತಿರುಗಿದರೂ ಸಿಗಡಿಯ ಆಸೆ ಬಿಡಿ.

ಉಪ್ಪುನೀರಿನ ಬ್ಯಾಕ್ಟೀರಿಯಾಗಳನ್ನು ನಂಬಿ ಮೀನು ಬಿಡುವಂತಿಲ್ಲ. ಸೈಕ್ಲಿಂಗ್, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ, ಮೊದಲಿನಿಂದ ಆಗಬೇಕು. ನಿಮ್ಮ ತೊಟ್ಟಿ ಸುಮಾರು 250 ಲೀಟರ್. ಕ್ಲೋರಿನ್ ತೆಗೆದ ನೀರಿಗೆ ಒಂದೂವರೆ ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಹತ್ತಿರ ಬರುತ್ತದೆ. ಮತ್ತೆ ಅಷ್ಟೇ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ದಿನ ತೊಟ್ಟಿ ಸಿದ್ಧ. ಆ ಹಂತ ತಲುಪಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಪರಿಚಯದವರ ಆರೋಗ್ಯವಾದ ಸಿಹಿನೀರಿನ ತೊಟ್ಟಿಯಿಂದ ಬಳಸಿದ ಫಿಲ್ಟರ್ ಸ್ಪಂಜು ತಂದಿಟ್ಟರೆ ಬೇಗ ಆಗುತ್ತದೆ.

ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಮಾರಿಬಿಡಿ, ಸಿಹಿನೀರಿನಲ್ಲಿ ಅದಕ್ಕೆ ಬೇಕಾದ ನೊರೆ ನಿಲ್ಲುವುದಿಲ್ಲ. ಅಲೆ ಎಬ್ಬಿಸುವ ವೇವ್‌ಮೇಕರ್ ತೆಗೆಯಿರಿ. ನೀಲಿ ದೀಪಗಳ ಬದಲು 6500 ಕೆಲ್ವಿನ್‌ನ ಬಿಳಿ ಬೆಳಕು ಇರಲಿ. ತೊಟ್ಟಿಯ ಕೆಳಗೆ ಸಂಪ್ (ನೀರು ಶೋಧಿಸುವ ಪುಟ್ಟ ತೊಟ್ಟಿ) ಇದ್ದರೆ ಒಳ್ಳೆಯದು; ಆದರೆ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವುದಾದರೆ ನೀರು ಎತ್ತರದಿಂದ ಧುಮುಕದಂತೆ ನೋಡಿಕೊಳ್ಳಿ, ಅನಿಲ ಹಾರಿಹೋಗುತ್ತದೆ.

ಪ್ರಶ್ನೆ: ಉಪ್ಪನ್ನು ದಿನಾ ಸ್ವಲ್ಪ ಕಡಿಮೆ ಮಾಡುತ್ತಾ ಬಂದರೆ ಕ್ಲೌನ್‌ಫಿಶ್ ಸಿಹಿನೀರಿಗೆ ಒಗ್ಗುವುದಿಲ್ಲವೇ?
– ಮಂಗಳೂರಿನ ಓದುಗರು

ಉತ್ತರ: ಒಗ್ಗುವುದಿಲ್ಲ, ದಯವಿಟ್ಟು ಪ್ರಯತ್ನಿಸಬೇಡಿ. ಸಮುದ್ರದ ಮೀನು ನೀರು ಕುಡಿದು ಕಿವಿರಿನಿಂದ ಉಪ್ಪು ಹೊರಹಾಕುತ್ತದೆ. ಸಿಹಿನೀರಿನಲ್ಲಿ ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ, ಅದನ್ನು ಹೊರಹಾಕುವ ಶಕ್ತಿ ಅದರ ಮೂತ್ರಪಿಂಡಕ್ಕಿಲ್ಲ. ಸಾಕುವವರಿಗೆ ಕೊಟ್ಟುಬಿಡಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ 800. ಸಮುದ್ರ ತೊಟ್ಟಿಗಿದ್ದ ಆರ್‌ಒ ಯಂತ್ರ ಉಪಯೋಗವಾದೀತೇ?
– ತುಮಕೂರಿನ ಓದುಗರು

ಉತ್ತರ: ಖಂಡಿತ ಆಗುತ್ತದೆ. ಮೂರು ಪಾಲು ಆರ್‌ಒ, ಒಂದು ಪಾಲು ಬೋರ್‌ವೆಲ್ ಬೆರೆಸಿದರೆ ಟಿಡಿಎಸ್ 200ರ ಸುಮಾರಿಗೆ ಇಳಿಯುತ್ತದೆ. ಬರೀ ಆರ್‌ಒ ಹಾಕಬೇಡಿ: ಕಾರ್ಬೊನೇಟ್ ಇಲ್ಲದ ನೀರಿನಲ್ಲಿ ಪಿಎಚ್ ಕುಸಿದು ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುತ್ತದೆ. ವಾರದ ನೀರು ಬದಲಾವಣೆಗೂ ಇದೇ ಪ್ರಮಾಣ. ಆವಿಯಾದ ನೀರಿನ ಬದಲಿಗೆ ಮಾತ್ರ ಬರೀ ಆರ್‌ಒ ಸೇರಿಸಿ, ಲವಣಗಳು ತೊಟ್ಟಿಯಲ್ಲೇ ಉಳಿದಿರುತ್ತವೆ.